ಕರ್ನಾಟಕ ಸಂಗೀತದಲ್ಲಿ ಕರ್ನಾಟಕ ಎಲ್ಲಿದೆ?

ನವೆಂಬರ್ ತಿಂಗಳ ರಾಜ್ಯೋತ್ಸವದ ವೇದಿಕೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಇಡೀ ದಕ್ಷಿಣ ಭಾರತದ ಶಾಸ್ತ್ರೀಯ ಸಂಗೀತಕ್ಕೇ ನಮ್ಮ ನಾಡಿನ ಹೆಸರಿದೆ.’ ಚಪ್ಪಾಳೆ ಬೀಳುತ್ತದೆ, ಭಾಷಣಕಾರರು ಮುಂದಿನ ಮಾತಿಗೆ ಹೋಗುತ್ತಾರೆ. ತಿಂಗಳು ಕಳೆದರೆ ಚೆನ್ನೈಯಲ್ಲಿ ಮಾರ್ಗಳಿ ಸಂಗೀತೋತ್ಸವ. ಅಲ್ಲಿಯ ಸಭೆಗಳ ಕ್ಯಾಂಟೀನಿನಲ್ಲಿ ಕಾಫಿ ಹೀರುತ್ತ ಕೂತ ರಸಿಕರ ಮುಂದೆ ಇದೇ ಮಾತೆತ್ತಿ ನೋಡಿ. ಒಬ್ಬರು, ‘ಆ ಕರ್ನಾಟಕವೇ ಬೇರೆ, ನಿಮ್ಮ ರಾಜ್ಯವೇ ಬೇರೆ’ ಎನ್ನುತ್ತಾರೆ. ಇನ್ನೊಬ್ಬರು, ‘ಅದು ಊರಿನ ಹೆಸರೇ ಅಲ್ಲ ಸಾರ್, ಕರ್ಣಕ್ಕೆ ಇಂಪಾದದ್ದು ಅಂತ ಅರ್ಥ’ ಎಂದು ಸಂಸ್ಕೃತದಲ್ಲಿ ಬಿಡಿಸಿ ತೋರಿಸುತ್ತಾರೆ. ಮೂರನೆಯವರು ಹೆಸರನ್ನು ಇಂಗ್ಲಿಷರ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಒಂದು ಕಡೆ ಆ ಹೆಸರು ಆಸ್ತಿಪತ್ರ, ಇನ್ನೊಂದು ಕಡೆ ಬರೀ ಕಾಕತಾಳೀಯ.

ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಕರ್ನಾಟಕ ಸಂಗೀತದ ‘ಕರ್ನಾಟಕ’ ನಮ್ಮದೇ ನಾಡಿನ ಹೆಸರು, ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಆದರೆ ಆ ಹೆಸರು ಬಂದ ದಾರಿಯನ್ನು ನೋಡಿದರೆ, ಅದನ್ನು ಹಿಡಿದು ಒಡೆತನ ಸಾಧಿಸುವ ಹಕ್ಕು ನಮಗೆ ಉಳಿಯುವುದಿಲ್ಲ.

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಮಾಡಬೇಕು. ಸಂಗೀತ ಎಲ್ಲಿ ಹುಟ್ಟಿತು ಎಂಬುದು ಒಂದು, ಅದಕ್ಕೆ ಈ ಹೆಸರು ಹೇಗೆ ಅಂಟಿತು ಎಂಬುದು ಇನ್ನೊಂದು. ತೇವಾರದ ಪಣ್‌ಗಳು, ಶಿಲಪ್ಪದಿಕಾರದಲ್ಲಿ ಬರುವ ಸ್ವರ-ತಾಳಗಳ ವಿವರ ಇವೆಲ್ಲ ತಮಿಳರ ಹಳೆಯ ಸಂಗೀತ ಸಂಪತ್ತಿಗೆ ಸಾಕ್ಷಿ. 1917ರಲ್ಲಿ ತಂಜಾವೂರಿನ ಅಬ್ರಹಾಂ ಪಂಡಿತರ್ ‘ಕರುಣಾಮೃತ ಸಾಗರಂ’ ಎಂಬ ಬೃಹತ್ ಗ್ರಂಥ ಬರೆದು ವಾದಿಸಿದ್ದು ಈ ಬೇರುಗಳ ಪರವಾಗಿಯೇ. ಅವರ ವಾದದಲ್ಲಿ ಎಷ್ಟು ಒಪ್ಪಬಹುದು, ಎಷ್ಟು ಬಿಡಬಹುದು ಎಂಬುದು ಬೇರೆ ಚರ್ಚೆ. ಸಂಗೀತದ ಬೇರು ಹತ್ತು ಕಡೆ ಹರಡಿರುತ್ತದೆ. ಹೆಸರಿನ ಬೇರು ಅಷ್ಟು ಕಡೆ ಹೋಗಿರುವುದಿಲ್ಲ, ಹುಡುಕಿದರೆ ಸಿಗುತ್ತದೆ.

ಇನ್ನು ಕರ್ಣದ ವಿಚಾರ. ‘ಕರ್ಣೇ ಅಟತಿ’, ಅಂದರೆ ಕಿವಿಯಲ್ಲಿ ಸುಳಿದಾಡುತ್ತದೆ, ಆದ್ದರಿಂದ ಕರ್ಣಾಟಕ. ಕೇಳಲು ಚೆನ್ನಾಗಿದೆ. ಆದರೆ ಹಿಂದೂಸ್ಥಾನಿ ಸಂಗೀತ ಸುಳಿದಾಡುವುದು ಎಲ್ಲಿ, ಮೂಗಿನಲ್ಲೇ? ಇದನ್ನು ತಮಾಷೆಗೆ ಬಿಡೋಣ. ಗಟ್ಟಿಯಾದ ಉತ್ತರ ಬೇಕಾದರೆ 13ನೇ ಶತಮಾನದ ‘ಸಂಗೀತ ರತ್ನಾಕರ’ ತೆರೆಯಬೇಕು. ದೇವಗಿರಿಯ ಯಾದವ ದೊರೆ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ಬರೆದ ಈ ಗ್ರಂಥದಲ್ಲಿ ಗೌಡ ಎಂಬ ರಾಗದ ಬಗೆಗಳು ಬರುತ್ತವೆ: ಕರ್ಣಾಟ ಗೌಡ, ದ್ರಾವಿಡ ಗೌಡ, ತುರುಷ್ಕ ಗೌಡ. ದ್ರಾವಿಡ, ತುರುಷ್ಕಗಳ ಪಕ್ಕದಲ್ಲಿ ಕೂತ ‘ಕರ್ಣಾಟ’ಕ್ಕೆ ಕಿವಿಯ ಅರ್ಥ ಹಚ್ಚುವುದು ಹೇಗೆ? ಅದು ನಾಡಿನ ಹೆಸರು, ಒಂದು ರಾಗವನ್ನು ಆ ನಾಡಿನವರು ಹಾಡುವ ರೀತಿಯ ಗುರುತು.

ಆ ಪಟ್ಟಿಯಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕರ್ಣಾಟವೂ ದ್ರಾವಿಡವೂ ಅಲ್ಲಿ ಬೇರೆ ಬೇರೆ. ಶಾರ್ಙ್ಗದೇವನ ಕಾಲಕ್ಕೆ ಕರ್ಣಾಟವೆಂದರೆ ಹಲವು ನಾಡುಗಳಲ್ಲಿ ಒಂದು, ಅಷ್ಟೆ. ಅದೇ ಪದ ಕೆಲವು ಶತಮಾನ ಕಳೆಯುವಷ್ಟರಲ್ಲಿ ದ್ರಾವಿಡವನ್ನೂ ಆಂಧ್ರವನ್ನೂ ಕೇರಳವನ್ನೂ ತನ್ನ ಹೊದಿಕೆಯೊಳಗೆ ಎಳೆದುಕೊಂಡದ್ದು ಹೇಗೆ? ಹೆಸರಿನ ಕಥೆ ಇರುವುದೇ ಇಲ್ಲಿ.

ಸಂಗೀತ ಪರೀಕ್ಷೆಗೆ ಓದುವ ಮಕ್ಕಳ ಪಠ್ಯಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ: 14ನೇ ಶತಮಾನದ ಆರಂಭದಲ್ಲಿ ಹರಿಪಾಲ ಎಂಬವನು ತನ್ನ ‘ಸಂಗೀತ ಸುಧಾಕರ’ದಲ್ಲಿ ಹಿಂದೂಸ್ಥಾನಿ, ಕರ್ನಾಟಕ ಎಂಬ ಎರಡು ಪದಗಳನ್ನು ಮೊದಲ ಸಲ ಬಳಸಿದ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಒಂದು ಗ್ರಂಥದಲ್ಲಿ ಪದವೊಂದು ಬಂದ ಮಾತ್ರಕ್ಕೆ ಅದು ಪದ್ಧತಿಯ ಹೆಸರಾಗುವುದಿಲ್ಲ; ಜನರ ಬಾಯಲ್ಲಿ ನಿಲ್ಲಬೇಕು. ನಿಂತಿತ್ತೇ? ಮುಂದಿನ ಗ್ರಂಥಗಳ ಹೆಸರುಗಳನ್ನೇ ಸಾಲಾಗಿ ಇಟ್ಟು ನೋಡಿ. 1550ರಲ್ಲಿ ರಾಮಾಮಾತ್ಯ ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ಬರೆದದ್ದು ‘ಸ್ವರಮೇಳಕಲಾನಿಧಿ’. 17ನೇ ಶತಮಾನದ ತಂಜಾವೂರಿನಲ್ಲಿ ಗೋವಿಂದ ದೀಕ್ಷಿತರದು ‘ಸಂಗೀತ ಸುಧಾ’, ಅವರ ಮಗ ವೆಂಕಟಮಖಿಯದು ‘ಚತುರ್ದಂಡೀ ಪ್ರಕಾಶಿಕಾ’. ಅದೇ ತಂಜಾವೂರಿನ ಮರಾಠಾ ದೊರೆ ತುಳಜನದು ‘ಸಂಗೀತ ಸಾರಾಮೃತ’. 1904ರಲ್ಲಿ ಎಟ್ಟಯಪುರದಿಂದ ಹೊರಬಂದ ಸುಬ್ಬರಾಮ ದೀಕ್ಷಿತರ ಮಹಾಗ್ರಂಥ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’. ಈ ಸಾಲಿನಲ್ಲಿ ಒಂದರ ತಲೆಬರಹದಲ್ಲೂ ಕರ್ನಾಟಕವಿಲ್ಲ. ಇವರೆಲ್ಲರಿಗೂ ಅದು ‘ಸಂಗೀತ’, ಅಷ್ಟೆ. ತಮ್ಮ ಮನೆಯ ಅಡುಗೆಗೆ ಯಾರಾದರೂ ಹೆಸರಿಡುತ್ತಾರೆಯೇ?

ಉಡುಪಿ ಹೋಟೆಲನ್ನು ನೆನೆಯಿರಿ. ಉಡುಪಿಯವನಿಗೆ ಅದು ಬರೀ ಹೋಟೆಲು. ಅಲ್ಲಿಯವರು ಬೆಂಗಳೂರಿಗೋ ಮದರಾಸಿಗೋ ಮುಂಬಯಿಗೋ ಹೋಗಿ ಒಲೆ ಹೂಡಿದ ಮೇಲೆ, ಪಕ್ಕದ ಬೀದಿಯ ಇನ್ನೊಂದು ಬಗೆಯ ಹೋಟೆಲಿನಿಂದ ಬೇರೆ ಎಂದು ಗುರುತಿಸಬೇಕಾದಾಗ ‘ಉಡುಪಿ’ ಎಂಬ ಹೆಸರು ಮುಂದೆ ಬಂದು ಕೂತಿತು. ಈಗ ಅಡುಗೆಯವನೂ ಮಾಲೀಕನೂ ಉಡುಪಿಯವರಾಗಿರಬೇಕಿಲ್ಲ. ಫಲಕ ಮಾತ್ರ ಅದೇ. ಊರಿನ ಹೆಸರು ಪದ್ಧತಿಗೆ ಅಂಟುವುದು ಹೀಗೆ: ಊರಿನ ಹೊರಗೆ, ಎದುರಿಗೆ ಇನ್ನೊಂದು ಪದ್ಧತಿ ಇದ್ದಾಗ.

ಕರ್ಣಾಟದ ಹೆಸರೂ ಕಲೆಯ ಜೊತೆ ಹೀಗೆ ಹೊರಗಿನವರ ಬಾಯಲ್ಲೇ ಸೇರಿಕೊಂಡದ್ದು. ಶಿಲಪ್ಪದಿಕಾರದಲ್ಲಿ ಚೇರ ಅರಸು ಸೆಂಗುಟ್ಟುವನ್ ಉತ್ತರದ ದಂಡಯಾತ್ರೆಗೆ ಹೊರಟು ನೀಲಗಿರಿಯಲ್ಲಿ ಬೀಡು ಬಿಟ್ಟಾಗ ಅವನ ಮುಂದೆ ಆಡಿ ಹಾಡಲು ಬರುವವರಲ್ಲಿ ಕೊಂಕಣದವರಿದ್ದಾರೆ, ಕರುನಾಡಿನವರಿದ್ದಾರೆ. ಹೆಸರಿಟ್ಟು ಕರೆದವನು ತಮಿಳು ಕವಿ. ಉತ್ತರಕ್ಕೆ ಹೋದರೆ ಅಲ್ಲಿ ‘ಕಾನಡಾ’ ಇದೆ. ತಾನ್‌ಸೇನನ ಹೆಸರಿನೊಂದಿಗೆ ಬೆಸೆದುಕೊಂಡ ದರಬಾರಿ ಕಾನಡಾ, ನಾಯಕಿ ಕಾನಡಾ, ಹೀಗೆ ಹದಿನೆಂಟು ಕಾನಡಾಗಳನ್ನು ಗವಾಯಿಗಳು ಬೆರಳೆಣಿಸಿ ಹೇಳುತ್ತಾರೆ. ಆ ‘ಕಾನಡಾ’ ಕರ್ಣಾಟ ಶಬ್ದದ್ದೇ ರೂಪ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಧಾರವಾಡದ ಗಾಯಕ ದರಬಾರಿಗೆ ಕೂತಾಗ, ತನ್ನ ನಾಡಿನ ಹೆಸರನ್ನೇ ದೆಹಲಿಯ ಉಚ್ಚಾರದಲ್ಲಿ ಮರಳಿ ಪಡೆದಿರುತ್ತಾನೆ.

16ನೇ ಶತಮಾನದ ಪುಂಡರೀಕ ವಿಠ್ಠಲನದು ಇನ್ನೂ ಸ್ಪಷ್ಟವಾದ ನಿದರ್ಶನ. ನಮ್ಮ ಶಿವಗಂಗೆ ಬೆಟ್ಟದ ಬಳಿಯ ಸಾತನೂರಿನವನು. ಖಾನದೇಶದ ಬುರ್ಹಾನ್ ಖಾನನ ಆಶ್ರಯ ಸೇರಿ ‘ಸದ್ರಾಗಚಂದ್ರೋದಯ’ ಬರೆದ. ಮುಂದೆ ಆಂಬೇರದ ಕಛವಾಹರ ಬಳಿಗೆ ಹೋದ. ರಾಗಗಳನ್ನು ಸ್ವರಗಳ ಆಧಾರದಲ್ಲಿ ಗುಂಪು ಮಾಡುವ ದಕ್ಷಿಣದ ಮೇಳದ ಲೆಕ್ಕವನ್ನೂ ಉತ್ತರದ ರಾಗ-ರಾಗಿಣಿಯರ ಸಂಸಾರವನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡಿದ್ದ ಪಂಡಿತ ಅವನು. ಪರದೇಶದ ಆಸ್ಥಾನದಲ್ಲಿ ಕೂತು ಬರೆಯುವಾಗ ತನ್ನ ಊರನ್ನೂ ಕರ್ಣಾಟದ ಮೂಲವನ್ನೂ ಹೇಳಿಕೊಂಡಿದ್ದಾನೆ. ಶಿವಗಂಗೆಯಲ್ಲೇ ಉಳಿದಿದ್ದರೆ ಹಾಗೆ ಹೇಳಿಕೊಳ್ಳುವ ಅಗತ್ಯ ಅವನಿಗೆ ಬರುತ್ತಿರಲಿಲ್ಲ.

ದಕ್ಷಿಣದಲ್ಲೂ ಹೋಲಿಕೆಯ ಪ್ರಸಂಗ ಬಂದಾಗಲೇ ‘ಕರ್ನಾಟಕ’ ಬಾಯಿಗೆ ಬಂತು. ಸಂಗೀತ ಕಲಿಯುವವರ ಪುಸ್ತಕದಲ್ಲಿ ಕಾಪಿ ರಾಗದ ಪುಟ ತೆಗೆದರೆ ಕರ್ನಾಟಕ ಕಾಪಿ ಬೇರೆ, ಹಿಂದೂಸ್ಥಾನಿ ಕಾಪಿ ಬೇರೆ. ಬೇಹಾಗ್ ಬಡಗಣ ದಿಕ್ಕಿನಿಂದ ಬಂದ ನೆಂಟ. ಅದರಿಂದ ಬೇರೆ ಎಂದು ಹೇಳಲು ‘ಕರ್ನಾಟಕ ಬೇಹಾಗ್’ ಎಂದಿದೆ. ಆದರೆ ತೋಡಿಗೆ, ಭೈರವಿಗೆ, ಶಂಕರಾಭರಣಕ್ಕೆ ದಕ್ಷಿಣದವರು ತಮ್ಮತಮ್ಮಲ್ಲಿ ಮಾತಾಡುವಾಗ ಈ ವಿಶೇಷಣ ಹಚ್ಚುವುದಿಲ್ಲ. ಗೊಂದಲವಾಗುವ ಕಡೆ ಮಾತ್ರ ಹೆಸರು ಬೇಕು. ಇಲ್ಲಿ ಕರ್ನಾಟಕವೆಂದರೆ ‘ನಮ್ಮ ಕಡೆಯದು, ಮೊದಲಿನಿಂದ ಇದ್ದದ್ದು’ ಎಂದೇ ಅರ್ಥ.

ಈ ಅರ್ಥಕ್ಕೆ ತಮಿಳಿನಲ್ಲೇ ಸೊಗಸಾದ ಸಾಕ್ಷಿಯಿದೆ. ತಮಿಳಿನ ಆಡುಮಾತಿನಲ್ಲಿ ‘ಕರ್ನಾಟಕಂ’ ಎಂದರೆ ಹಳೆಯ ಕಾಲದ್ದು, ಮಡಿವಂತಿಕೆಯದ್ದು. ಕಾಲಕ್ಕೆ ತಕ್ಕಂತೆ ಬದಲಾಗದ ಅಜ್ಜನನ್ನು ‘ಶುದ್ಧ ಕರ್ನಾಟಕಂ’ ಎಂದು ಮೊಮ್ಮಕ್ಕಳು ಗೇಲಿ ಮಾಡುತ್ತಾರೆ. ಒಂದು ನಾಡಿನ ಹೆಸರು ನೆರೆನಾಡಿನ ಭಾಷೆಯಲ್ಲಿ ‘ಸಂಪ್ರದಾಯಸ್ಥ’ ಎಂಬ ಅರ್ಥಕ್ಕೆ ತಿರುಗಬೇಕಾದರೆ, ಆ ಹೆಸರು ಅಲ್ಲಿ ತಲೆತಲಾಂತರ ಬಾಳಿ ಬೇರೂರಿರಬೇಕು. ಇಂಗ್ಲಿಷರ ಭೂಪಟ ನೋಡಿ ಯಾರೂ ಮುದುಕರನ್ನು ಗೇಲಿ ಮಾಡುವುದಿಲ್ಲ.

ತಮಿಳುನಾಡಿನ ಮಣ್ಣಿಗೆ ಆ ಹೆಸರನ್ನು ಹೊತ್ತು ತಂದದ್ದು ವಿಜಯನಗರ. ನಾವು ರಾಜಧಾನಿಯ ಹೆಸರಿನಿಂದ ಕರೆಯುವ ಆ ರಾಜ್ಯಕ್ಕೆ ಅಂದಿನವರು ಇಟ್ಟುಕೊಂಡ ಹೆಸರು ಕರ್ಣಾಟ ಸಾಮ್ರಾಜ್ಯ. ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ ಬರೆದ ಕೃಷ್ಣದೇವರಾಯನ ಬಿರುದು ‘ಕನ್ನಡ ರಾಜ್ಯ ರಮಾರಮಣ’. ಕನ್ನಡ, ತೆಲುಗು, ತಮಿಳು, ತುಳು ಆಡುವವರೆಲ್ಲ ಬಾಳಿದ ಆ ರಾಜ್ಯದಲ್ಲಿ ಕರ್ಣಾಟವೆಂಬುದು ಒಂದು ಭಾಷೆಯ ಎಲ್ಲೆಯನ್ನು ದಾಟಿ ಬೆಳೆದಿತ್ತು. ‘ಸಂಗೀತ ಸುಧಾ’ ತನಗೆ ಆಧಾರವೆಂದು ನೆನೆಯುವುದು ವಿದ್ಯಾರಣ್ಯರನ್ನು, ಅದೂ ಕರ್ಣಾಟ ಸಿಂಹಾಸನದ ಹೆಸರಿನೊಂದಿಗೆ. ಅವರು ಹೇಳಿದ 15 ಮೇಳಗಳನ್ನು ನಾವು ತಿಳಿದಿರುವುದೇ ಈ ಗ್ರಂಥದಿಂದ. 1565ರ ಸೋಲಿನ ನಂತರ ಸಿಂಹಾಸನ ಪೆನುಗೊಂಡೆಗೆ, ಚಂದ್ರಗಿರಿಗೆ, ವೇಲೂರಿಗೆ ಸರಿಯಿತು. ವಿದ್ವಾಂಸರಿಗೆ ತಂಜಾವೂರಿನ ನಾಯಕರು ಆಶ್ರಯವಾದರು. ಅಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರದು ಕನ್ನಡ ಮನೆತನ. 72 ಮೇಳಗಳ ಲೆಕ್ಕ ಹಾಕಿದ ವೆಂಕಟಮಖಿ ಆ ಮನೆಯ ಕೂಸು.

ರಾಜರು ಸರಿದ ದಾರಿಯಲ್ಲೇ ಹೆಸರೂ ಸರಿಯಿತು. ಬಿಜಾಪುರದವರೂ ಮೊಗಲರೂ ಆ ರಾಜ್ಯದ ನೆಲವನ್ನು ಗೆದ್ದು ಎರಡಾಗಿ ಕರೆದರು: ಘಟ್ಟದ ಮೇಲಿನದು ಕರ್ನಾಟಕ ಬಾಲಾಘಾಟ್, ಘಟ್ಟದ ಕೆಳಗಿನದು ಕರ್ನಾಟಕ ಪಾಯಿನ್‌ಘಾಟ್. ಮೇಲಿನ ಸೀಮೆ ಕ್ರಮೇಣ ಮೈಸೂರು ಎನ್ನಿಸಿಕೊಂಡಿತು; ಕೆಳಗಿನ ಸೀಮೆಯಲ್ಲಿ ಮಾತ್ರ ಕರ್ನಾಟಕ ಉಳಿಯಿತು. ಆರ್ಕಾಟಿನ ನವಾಬ ಕರ್ನಾಟಕದ ನವಾಬನಾದ. ಇಂಗ್ಲಿಷರ ನಾಲಗೆಯಲ್ಲಿ ಅದು ಕಾರ್ನಾಟಿಕ್ ಆಯಿತು. 1746ರಿಂದ 1763ರವರೆಗೆ ನಡೆದ ಕರ್ನಾಟಿಕ್ ಯುದ್ಧಗಳನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆರ್ಕಾಟು, ತಿರುಚಿರಾಪಳ್ಳಿ, ಪುದುಚೇರಿ, ವಾಂಡಿವಾಷ್: ಅವು ನಡೆದ ಮುಖ್ಯ ಊರುಗಳೆಲ್ಲ ತಮಿಳು ನೆಲದವು. ಆ ಯುದ್ಧಗಳು ಮುಗಿದ ನಾಲ್ಕು ವರ್ಷಕ್ಕೆ, 1767ರಲ್ಲಿ, ತ್ಯಾಗರಾಜರು ಹುಟ್ಟಿದರು. ಅವರೂ ಶ್ಯಾಮಾಶಾಸ್ತ್ರಿಗಳೂ ಮುತ್ತುಸ್ವಾಮಿ ದೀಕ್ಷಿತರೂ ಮೂವರೂ ತಿರುವಾರೂರಿನಲ್ಲಿ ಹುಟ್ಟಿ ತೆಲುಗು, ಸಂಸ್ಕೃತಗಳಲ್ಲಿ ಹೆಚ್ಚಾಗಿ ಹಾಡು ಕಟ್ಟಿದರು. ತೆಲುಗು ಸಾಹಿತ್ಯ, ತಮಿಳು ನೆಲ, ಕರ್ನಾಟಕದ ಹೆಸರು. ದಕ್ಷಿಣದ ಇತಿಹಾಸವೇ ಈ ಮೂರರಲ್ಲಿ ಅಡಗಿದೆ.

ಆದ್ದರಿಂದ ‘ಅದು ಇಂಗ್ಲಿಷರ ಕಾರ್ನಾಟಿಕ್, ನಿಮ್ಮ ಕರ್ನಾಟಕ ಅಲ್ಲ’ ಎಂಬ ವಾದ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಇಂಗ್ಲಿಷರ ಕಾರ್ನಾಟಿಕ್ ಬಂದದ್ದು ಆರ್ಕಾಟಿನಿಂದ, ಆರ್ಕಾಟಿನದು ಬಂದದ್ದು ವಿಜಯನಗರದಿಂದ. ಯಾವ ಹೊಳೆಗುಂಟ ಹೋದರೂ ತಲಕಾವೇರಿಗೇ ತಲುಪಬೇಕು.

ಹೆಸರು ಗಟ್ಟಿಯಾಗಿ ಮುದ್ರೆ ಒತ್ತಿಸಿಕೊಂಡದ್ದು ಮಾತ್ರ ಇತ್ತೀಚೆಗೆ. ಹಿಂದೂಸ್ಥಾನಿ ಸಂಗೀತದ ವಿದ್ವಾಂಸ ವಿಷ್ಣು ನಾರಾಯಣ ಭಾತಖಂಡೆ 1904ರಲ್ಲಿ ದಕ್ಷಿಣಕ್ಕೆ ಬಂದು ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡರು. ಎರಡು ಪದ್ಧತಿಗಳನ್ನು ಎದುರುಬದುರು ಇಟ್ಟು ನೋಡುವುದು ಆ ಕಾಲದ ವಿದ್ವತ್ತಿನ ಅಭ್ಯಾಸವಾಯಿತು. ಅದಾದ ಮೇಲೆ ಸಂಗೀತ ಸಮ್ಮೇಳನಗಳು, 1928ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ, ಆಕಾಶವಾಣಿಯ ಎರಡು ವಿಭಾಗ, ಸಂಗೀತ ನಾಟಕ ಅಕಾಡೆಮಿಯ ಎರಡು ಬಗೆಯ ಪ್ರಶಸ್ತಿ ಎಲ್ಲ ಸೇರಿ, ಅರ್ಜಿ ನಮೂನೆಯಲ್ಲಿ ಗುರುತು ಹಾಕುವ ಎರಡು ಚೌಕಗಳನ್ನು ಸೃಷ್ಟಿಸಿದವು. ಇಷ್ಟಾದರೂ ಪಿ. ಸಾಂಬಮೂರ್ತಿಯವರು ಸಂಪುಟಗಟ್ಟಲೆ ಬರೆದ ಪಠ್ಯಕ್ಕೆ ಇಟ್ಟ ಹೆಸರು ‘ಸೌತ್ ಇಂಡಿಯನ್ ಮ್ಯೂಸಿಕ್’. ನಮ್ಮ ಹಿರಿಯರ ಬಾಯಲ್ಲೂ ದಕ್ಷಿಣಾದಿ, ಉತ್ತರಾದಿ ಎಂಬ ಮಾತುಗಳೇ ಓಡಾಡುತ್ತಿದ್ದವು. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಈಗಿನ ರಾಜ್ಯದ ಹೆಸರಿಗಿಂತ ಸಂಗೀತದ ಹೆಸರೇ ಹಳೆಯದು. ಚೆನ್ನೈಯ ರಸಿಕರ ಗೊಂದಲಕ್ಕೆ ಇದೇ ಕಾರಣ, ನಮ್ಮ ವೇದಿಕೆಯ ಉಬ್ಬಿಗೂ ಇದೇ ಕಾರಣ.

ಈಗ ನಮ್ಮ ಮನೆಯೊಳಗೆ ನೋಡಿಕೊಳ್ಳೋಣ. ರಾಜ್ಯದ ಅರ್ಧಭಾಗ ಹಾಡುವುದು ಹಿಂದೂಸ್ಥಾನಿಯನ್ನು. ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಎಲ್ಲರೂ ಧಾರವಾಡ-ಗದಗ ಸೀಮೆಯ ನೀರು ಕುಡಿದವರು. ವೀಣೆ ಶೇಷಣ್ಣ, ವಾಸುದೇವಾಚಾರ್ಯರು ಬಾಳಿದ ಮೈಸೂರಿನಲ್ಲಿ ಇಂದು ಇರುವ ಸಂಗೀತ ವಿಶ್ವವಿದ್ಯಾಲಯಕ್ಕೆ ಗಂಗೂಬಾಯಿ ಹಾನಗಲ್ಲರ ಹೆಸರು. ನನಗೆ ಇದರಲ್ಲಿ ಯಾವ ವಿಪರೀತವೂ ಕಾಣುವುದಿಲ್ಲ. ಸಂಗೀತದ ಹೆಸರು ನೆಲದ ಪಹಣಿ ಅಲ್ಲ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ರಾಜ್ಯ ಇನ್ನೊಂದಿಲ್ಲ.

ಹಾಗಾದರೆ ಕರ್ನಾಟಕ ಸಂಗೀತದಲ್ಲಿ ನಮ್ಮದೆನ್ನುವುದು ಬರೀ ಹೆಸರೇ? ಅಲ್ಲ. ಪಾಠದ ಮನೆಯೊಂದಕ್ಕೆ ಸಂಜೆ ಐದರ ಹೊತ್ತಿಗೆ ಹೋಗಿ ನೋಡಿ. ಅದು ಬಸವನಗುಡಿಯಲ್ಲಿರಲಿ, ಮೈಲಾಪುರದಲ್ಲಿರಲಿ, ವಿಜಯವಾಡದಲ್ಲಿರಲಿ. ಶ್ರುತಿಪೆಟ್ಟಿಗೆ ಗುಂಯ್‌ಗುಡುತ್ತಿರುತ್ತದೆ. ಮಕ್ಕಳು ತೊಡೆ ತಟ್ಟುತ್ತ ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಹಾಡುತ್ತಿರುತ್ತಾರೆ. ಬೆರಳೆಣಿಕೆ ತಪ್ಪಿದ ಕಡೆ ಮೇಷ್ಟ್ರ ಕಣ್ಣು ಹೋಗುತ್ತದೆ. ಸರಳೆ, ಜಂಟಿ ಮುಗಿಸಿ ಸೂಳಾದಿ ತಾಳಗಳ ಅಲಂಕಾರ ದಾಟಿದ ಮೇಲೆ ಮಗು ಮೊತ್ತಮೊದಲು ಮಾತು ಸೇರಿಸಿ ಹಾಡುವುದು ಮಲಹರಿ ರಾಗದ ಗಣಪತಿಯ ಗೀತೆ. ಅದು ಪುರಂದರದಾಸರದು. ಕನ್ನಡದ ಒಂದಕ್ಷರ ಓದಲು ಬಾರದ ಲಕ್ಷಾಂತರ ಮಕ್ಕಳ ನಾಲಗೆಗೆ ಸಂಗೀತದ ಮೊದಲ ಮಾತು ಕನ್ನಡದ ದಾಸರದ್ದು. ಈ ಪಾಠಕ್ರಮ ದಾಸರಿಂದ ಬಂದದ್ದೆಂದು ಸಂಪ್ರದಾಯ ನಂಬುತ್ತದೆ. ಅವರನ್ನು ಪಿತಾಮಹ ಎಂದು ಕರೆಯುವಾಗ ತಮಿಳರೂ ತೆಲುಗರೂ ತಕರಾರು ತೆಗೆಯುವುದಿಲ್ಲ. ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ದ ಆರಂಭದಲ್ಲಿ ಪುರಂದರರಿಗೆ ನಮಿಸಿದ್ದಾರೆ. ದಾಸರು ತೀರಿಕೊಂಡದ್ದು 1564ರಲ್ಲಿ, ಕರ್ಣಾಟ ಸಾಮ್ರಾಜ್ಯ ಕುಸಿಯುವ ಹಿಂದಿನ ವರ್ಷ. ಅರಮನೆ ಉರಿದುಹೋಯಿತು, ಪಾಠ ಉಳಿಯಿತು.

ಇದನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ? ಬೆಂಗಳೂರಿನ ರಾಮನವಮಿ ಕಛೇರಿಗಳಲ್ಲಿ ವರ್ಷಗಳಿಂದ ಕೂತು ಕಂಡದ್ದನ್ನು ಹೇಳುತ್ತೇನೆ. ವರ್ಣ ಆಗುತ್ತದೆ, ನಾಲ್ಕಾರು ಕೃತಿ ಆಗುತ್ತದೆ. ಪ್ರಧಾನ ರಾಗಕ್ಕೆ ಮುಕ್ಕಾಲು ಗಂಟೆ, ನೆರವಲ್, ಸ್ವರಪ್ರಸ್ತಾರ, ಮೃದಂಗದವರ ತನಿ ಆವರ್ತನ. ತನಿ ಶುರುವಾದ ಕೂಡಲೇ ಕೆಲವರು ಕಾಫಿಗೆ ಏಳುತ್ತಾರೆ. ಮುಗಿದ ಕೂಡಲೇ ಕೆಲವರು ಬಸ್ಸಿಗೆ ಏಳುತ್ತಾರೆ. ಆಗ ಗಾಯಕರು ಗಡಿಯಾರ ನೋಡಿ, ‘ಒಂದು ದೇವರನಾಮ’ ಎನ್ನುತ್ತಾರೆ. ನಾಲ್ಕು ನಿಮಿಷ, ಎರಡು ಚರಣ. ಕುರ್ಚಿ ಸರಿಸುವ ಸದ್ದಿನಲ್ಲಿ ಪಿತಾಮಹನ ಹಾಡು ಮುಗಿದುಹೋಗುತ್ತದೆ. ಊಟದ ಕೊನೆಗೆ ಎಲೆಯ ಅಂಚಿಗೆ ಬಡಿಸುವ ಬಾಳೆಹಣ್ಣಿನಂತೆ ತುಕಡಾಗಳ ಸಾಲಿನಲ್ಲಿ ಕನ್ನಡಕ್ಕೆ ಜಾಗ.

1940ರ ದಶಕದಲ್ಲಿ ತಮಿಳರಿಗೂ ಇದೇ ಸಂಕಟವಾಗಿತ್ತು. ತಮ್ಮ ಊರಿನ ಕಛೇರಿಗಳಲ್ಲಿ ತಮಿಳು ಹಾಡಿಗೆ ಕೊನೆಯ ಸಾಲು ಸಿಗುತ್ತಿದೆ ಎಂದು ಅವರು ತಮಿಳಿಸೈ ಚಳವಳಿ ಹೂಡಿದರು. ರಾಜಾ ಅಣ್ಣಾಮಲೈ ಚೆಟ್ಟಿಯಾರರು ಬೆನ್ನಿಗೆ ನಿಂತರು. ವಾದವಿವಾದಗಳಾದವು, ಕಹಿಯೂ ಆಯಿತು. ಆದರೆ ತಮಿಳು ಕೃತಿ ಕಛೇರಿಯ ನಡುಮನೆಗೆ ಬಂತು. ಅವರ ಕೈಯಲ್ಲಿ ಸಂಗೀತದ ಹೆಸರಿರಲಿಲ್ಲ, ಹಟ ಇತ್ತು. ನಮ್ಮ ಕೈಯಲ್ಲಿ ಹೆಸರಿತ್ತು, ಅದನ್ನೇ ನೆಚ್ಚಿ ಸುಮ್ಮನೆ ಕೂತೆವು.

ದೇವರನಾಮವನ್ನು ವಿಸ್ತರಿಸಿ ಹಾಡಲಾಗದು, ಅದರ ಕಟ್ಟೇ ಹಗುರ ಎನ್ನುವ ವಿದ್ವಾಂಸರಿದ್ದಾರೆ. ದಾಸರ ಹಾಡುಗಳ ಮೂಲ ಮಟ್ಟುಗಳು ಬಹುಪಾಲು ಉಳಿದಿಲ್ಲ, ಈಗ ಕೇಳುವುದು ಈಚಿನವರು ಕೂಡಿಸಿದ್ದು. ಈಚಿನವರು ಹಗುರವಾಗಿ ಕೂಡಿಸಿದ್ದನ್ನು ಇಂದಿನವರು ಘನವಾಗಿ ಕೂಡಿಸಬಹುದು. ಸಾಹಿತ್ಯದ ತೂಕವಂತೂ ಯಾವ ಕೃತಿಗೂ ಕಡಿಮೆಯಿಲ್ಲ. ಉಗಾಭೋಗವಿದೆ, ಸುಳಾದಿಯಿದೆ, ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ ರಚಿಸಿದ ಕೃತಿಗಳಿವೆ.

ಹೆಸರಿನ ವ್ಯಾಜ್ಯವನ್ನು ಇಲ್ಲಿಗೆ ಮುಗಿಸಬಹುದು. ‘ಕರ್ನಾಟಕ’ ನಮ್ಮ ನಾಡಿನ ಹೆಸರೇ. ಆದರೆ ಅದನ್ನು ಹೊತ್ತು ನಡೆಸಿದವರು ತಮಿಳು ನೆಲದವರು, ಹಾಡಿ ಬೆಳೆಸಿದವರು ತೆಲುಗು ನುಡಿಯವರು. ನಾವು ಅವರಿಗೆ ಋಣಿಗಳು. ಅವರು ಪುರಂದರರಿಗೆ ಋಣಿಗಳು. ಕೊಡುಕೊಳ್ಳುವಿಕೆಯ ಈ ಲೆಕ್ಕದಲ್ಲಿ ನಮ್ಮ ಪಾಲಿನ ಕಂತು ಬಾಕಿಯಿದೆ. ಮುಂದಿನ ಸಲ ಕಛೇರಿಗೆ ಹೋದಾಗ ಗಾಯಕರಿಗೆ ಒಂದು ಚೀಟಿ ಕಳಿಸಿ. ದೇವರನಾಮ ಬೇಕೆಂದು ಬರೆಯಿರಿ, ತನಿಗೆ ಮೊದಲು ಎಂದು ಕೆಳಗೆ ಒಂದು ಗೆರೆ ಎಳೆಯಿರಿ.